ಅನ್ನನಾಳದ ಆರಂಭಿಕ ಉರಿಯೂತ

ಪ್ರಶ್ನೆ: ರಾತ್ರಿ ಊಟವಾಗಿ ಮಲಗಿದೊಡನೆ ಎದೆಯುರಿ, ಹುಳಿತೇಗು ಬರುತ್ತದೆ. ಎಂಡೋಸ್ಕೋಪಿ ವರದಿಯಲ್ಲಿ ಅನ್ನನಾಳದ ಉರಿಯೂತ, ‘ಗ್ರೇಡ್ ಎ’ ಎಂದಿದೆ. ಇದು ಗಂಭೀರವೇ?

ಉತ್ತರ: ಗಾಬರಿಯಾಗಬೇಡಿ, ಒಳಪದರದ ಗಾಯಗಳು 5 ಮಿ.ಮೀ.ಗಿಂತ ಉದ್ದವಿಲ್ಲದ ಸೌಮ್ಯ ಹಂತವಿದು. ಜಠರದ ಆಮ್ಲ ಮೇಲಕ್ಕೆ ನುಗ್ಗಿ ಈ ಪದರವನ್ನು ಸುಡುವುದರಿಂದ, ವೈದ್ಯರು ಬರೆದುಕೊಟ್ಟ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಯನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ, ಉರಿ ಕಡಿಮೆಯಾಯಿತೆಂದು ನಡುವೆ ಬಿಡದೆ, ಅವರು ಹೇಳಿದಷ್ಟು ವಾರಗಳನ್ನು ಪೂರೈಸಬೇಕು. ಊಟಕ್ಕೂ ನಿದ್ದೆಗೂ 3 ಗಂಟೆ ಅಂತರವಿರಲಿ. ತಲೆ ಎತ್ತರಕ್ಕಿರಲೆಂದು ದಿಂಬು ಪೇರಿಸಿದರೆ ಹೊಟ್ಟೆ ಮಡಿಚಿಕೊಳ್ಳುತ್ತದೆ. ಮಂಚದ ತಲೆಭಾಗದ ಕಾಲುಗಳಿಗೇ ಇಟ್ಟಿಗೆ ಕೊಟ್ಟು 15–20 ಸೆಂ.ಮೀ. ಎತ್ತರಿಸುವುದು ಮೇಲು. ನೋವಿನ ಮಾತ್ರೆಯನ್ನು ನೀರಿಲ್ಲದೆ ನುಂಗಿ ಮಲಗಿದರೆ ಅದು ಅನ್ನನಾಳಕ್ಕೆ ಅಂಟಿ ಗಾಯ ಮಾಡಬಹುದು; ಆ ಅಭ್ಯಾಸವಿದ್ದರೆ ದಯವಿಟ್ಟು ಇಂದೇ ಬಿಡಿ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಕೆ, ಕಪ್ಪು ಮಲ ಅಥವಾ ರಕ್ತವಾಂತಿ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿರಿ.