ಓದುಗರ ಪ್ರಶ್ನೆ: ಮಂಗಳನ ಕೆರೆಗಳನ್ನು ನಮ್ಮ ಹೂಳಿನಿಂದ ಓದುವುದು ಹೇಗೆ?

ಪ್ರಶ್ನೆ: ಬಾದಾಮಿ ಸುತ್ತಿನ ಮರಳುಗಲ್ಲಿನ ಮೇಲೆ ಅಲೆಯ ಗುರುತುಗಳಿವೆ. ಮಂಗಳನಲ್ಲೂ ಅಂಥದ್ದೇ ಸಿಕ್ಕಿದೆ ಎನ್ನುತ್ತಾರೆ. ಗಾಳಿಯೂ ಮರಳಿನಲ್ಲಿ ಅಲೆ ಮೂಡಿಸುತ್ತದಲ್ಲ, ಅದು ನೀರಿನದೇ ಎಂದು ಹೇಗೆ ಹೇಳುತ್ತಾರೆ?
– ಶಿಕ್ಷಕರು, ಗುಳೇದಗುಡ್ಡ

ಉತ್ತರ: ಮೊದಲು ಅಳತೆ ತೆಗೆದುಕೊಳ್ಳಬೇಕು. ಏಣಿನಿಂದ ಏಣಿಗೆ (ಏಣು ಎಂದರೆ ಅಲೆಯ ನೆತ್ತಿ) ಇರುವ ದೂರವನ್ನು ಅಲೆಯ ಎತ್ತರದಿಂದ ಭಾಗಿಸಿ. ಗಾಳಿಯ ಅಲೆಗಳು ಚಪ್ಪಟೆ, ಅಲ್ಲಿ ಈ ಭಾಗಲಬ್ಧ ಸಾಮಾನ್ಯವಾಗಿ 15ನ್ನು ಮೀರುತ್ತದೆ. ಕೆರೆಯ ತೆರೆಗಳು ಹಿಂದಕ್ಕೂ ಮುಂದಕ್ಕೂ ಆಡಿ ಮೂಡಿಸಿದ ಅಲೆಗಳಲ್ಲಿ ಅದು ಬಹುಮಟ್ಟಿಗೆ 10ರೊಳಗೇ ಇರುತ್ತದೆ, ಎರಡೂ ಇಳಿಜಾರು ಸಮನಾಗಿರುತ್ತವೆ. ಒಂದು ಬದಿ ಕಡಿದಾಗಿದ್ದ ಮಾತ್ರಕ್ಕೆ ಗಾಳಿ ಎಂದು ತೀರ್ಮಾನಿಸಬೇಡಿ, ಹರಿಯುವ ಹೊಳೆಯೂ ಹಾಗೆಯೇ ಮಾಡುತ್ತದೆ. ಆಗ ಕಾಳುಗಳನ್ನು ನೋಡಿ. ಗಾಳಿಯ ಅಲೆಯಲ್ಲಿ ದಪ್ಪ ಕಾಳು ಏಣಿನ ಮೇಲೆ ಸೇರುತ್ತದೆ, ನೀರಿನ ಅಲೆಯಲ್ಲಿ ತಗ್ಗಿನಲ್ಲಿ ಉಳಿಯುತ್ತದೆ.

ಅಳೆಯುವಾಗ ಎರಡು ಕಡೆ ತಪ್ಪಾಗುತ್ತದೆ. ಟೇಪನ್ನು ಏಣಿಗೆ ನೇರ ಅಡ್ಡಲಾಗಿ ಹಿಡಿಯಬೇಕು, 45 ಡಿಗ್ರಿ ಓರೆಯಾದರೆ ದೂರ 1.4 ಪಟ್ಟು ಹೆಚ್ಚು ಬರುತ್ತದೆ. ಎರಡನೆಯದು ಸವೆತ. ಏಣಿನ ತುದಿ ಸವೆದಿದ್ದರೆ ಎತ್ತರ ಕಡಿಮೆ ಸಿಕ್ಕಿ, ಕೆರೆಯ ಅಲೆ ಗಾಳಿಯ ಅಲೆಯಾಗಿಬಿಡುತ್ತದೆ. ಹತ್ತು ಏಣು ದಾಟಿಸಿ ಅಳೆದು ಸರಾಸರಿ ತೆಗೆಯಿರಿ. ಎತ್ತರಕ್ಕೆ ಮಾತ್ರ ಹೊಸದಾಗಿ ತೆರೆದುಕೊಂಡ ಪದರ ಹುಡುಕಿ.

ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳನ ಗೇಲ್ ಕುಳಿಯಲ್ಲಿ ಕಂಡ ಅಲೆಗಳು ಸುಮಾರು 6 ಮಿಲಿಮೀಟರ್ ಎತ್ತರ, 4ರಿಂದ 5 ಸೆಂಟಿಮೀಟರ್ ಅಂತರದವು. ಎರಡು ಬದಿಯೂ ಸಮ. ಲೆಕ್ಕ ಹಾಕಿದರೆ 7–8 ಬರುತ್ತದೆ. ಇಷ್ಟು ಪುಟ್ಟ ಅಲೆಯನ್ನು ಮೂಡಿಸಿದ ಕೆರೆಯ ಆಳ 2 ಮೀಟರಿಗಿಂತ ಕಡಿಮೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನನಗೆ ಇದರಲ್ಲಿ ಅತಿ ಮುಖ್ಯ ಅನಿಸುವುದು ಇನ್ನೊಂದು ಸಂಗತಿ: ತೆರೆ ಏಳಬೇಕಾದರೆ ಗಾಳಿ ನೀರಿಗೆ ತಾಗಬೇಕು. ಮೇಲೆ ಮಂಜುಗಡ್ಡೆ ಹಾಸಿದ್ದರೆ ಈ ಅಲೆ ಹುಟ್ಟುತ್ತಿರಲಿಲ್ಲ.

ಬಾದಾಮಿಯ ಮರಳು ಬಹುಪಾಲು ನದಿಗಳು ತಂದು ಹರಡಿದ್ದು. ಹಾಗಾಗಿ ಅಲ್ಲಿ ಅಲೆಗಳ ಜೊತೆಗೆ ಓರೆಯಾಗಿ ಕೂತ ಅಡ್ಡಪದರಗಳನ್ನೂ ಗಮನಿಸಿ.

ಪ್ರಶ್ನೆ: ಮಂಗಳನ ಗುರುತ್ವ ನಮ್ಮದರ ಶೇ. 38 ಮಾತ್ರ. ಭೂಮಿಯ ಲೆಕ್ಕ ಅಲ್ಲಿ ಕೆಡುವುದಿಲ್ಲವೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕೆಲವು ಕೆಡುತ್ತವೆ, ಕೆಲವು ಕೆಡುವುದಿಲ್ಲ. ತಳದ ಗುಂಡುಕಲ್ಲು ಕದಲಲು ಎಷ್ಟು ಆಳದ ಹೊಳೆ ಬೇಕು ಎಂಬ ಲೆಕ್ಕದಲ್ಲಿ ಗುರುತ್ವ ಎರಡೂ ಕಡೆ ಬಂದು ಹೊಡೆದುಹೋಗುತ್ತದೆ: ನೀರಿನ ಎಳೆತ ಕಡಿಮೆಯಾದಷ್ಟೇ ಕಲ್ಲಿನ ಭಾರವೂ ಕಡಿಮೆ. ಆಳ = 0.045 × 1.9 × ಕಲ್ಲಿನ ಗಾತ್ರ ÷ ಇಳಿಜಾರು. ಇಲ್ಲಿ 0.045 ಎಂಬುದು ಕಲ್ಲು ಕದಲತೊಡಗುವ ಮಿತಿಗೆ ಪ್ರಯೋಗಗಳಿಂದ ಸಿಕ್ಕ ಅಂಕಿ, 1.9 ಎಂಬುದು ಬಸಾಲ್ಟಿನ (ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು) ಸಾಪೇಕ್ಷ ಸಾಂದ್ರತೆಯಿಂದ (ಸುಮಾರು 2.9) ನೀರಿನದನ್ನು ಕಳೆದದ್ದು. ಗೇಲ್ ಕುಳಿಯಲ್ಲಿ 2012ರಲ್ಲಿ ಸಿಕ್ಕ ಉರುಟು ಕಲ್ಲುಗಳಲ್ಲಿ ದೊಡ್ಡವು 4 ಸೆಂಟಿಮೀಟರ್ ಇದ್ದವು. ನೂರಕ್ಕೆ ಒಂದರ ಇಳಿಜಾರು ಎಂದಿಟ್ಟುಕೊಂಡರೆ ಸುಮಾರು 34 ಸೆಂಟಿಮೀಟರ್, ಅಂದರೆ ಮೊಣಕಾಲಿನ ಕೆಳಗಿನ ನೀರು. ಭೂಮಿಯ ಬೆಣಚುಕಲ್ಲಿಗೆ 1.65 ಹಾಕುವುದು ರೂಢಿ. ಅದನ್ನೇ ಮಂಗಳನ ಲೆಕ್ಕಕ್ಕೂ ಹಾಕಿದರೆ ಆಳ ಕಡಿಮೆ ಬರುತ್ತದೆ. ಅದೇ ಆಳ, ಅದೇ ಇಳಿಜಾರಿನಲ್ಲಿ ಮಂಗಳನ ಹೊಳೆಯ ವೇಗ ಮಾತ್ರ ಭೂಮಿಯದರ ಸುಮಾರು ಶೇ. 60.

ಕೆಡುವುದು ನುಣ್ಣನೆಯ ಹೂಳಿನ ಲೆಕ್ಕ. 20 ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಕಣ 20 ಡಿಗ್ರಿ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು ಇಲ್ಲಿ ನಾಲ್ಕೂವರೆ ನಿಮಿಷ ಸಾಕು, ಮಂಗಳನಲ್ಲಿ 12 ನಿಮಿಷ. ನೀರು ಶೂನ್ಯ ಡಿಗ್ರಿಯ ಹತ್ತಿರವಿದ್ದರೆ ಅದರ ಸ್ನಿಗ್ಧತೆ, ಅಂದರೆ ಹರಿವನ್ನು ತಡೆಯುವ ಗುಣ, 1.8 ಪಟ್ಟಾಗಿ 21 ನಿಮಿಷ ದಾಟುತ್ತದೆ. ಹೀಗಾಗಿ ಹೊಳೆಯ ಬಾಯಿಯಿಂದ ಹೊರಟ ಕೆಸರು ಅಲ್ಲಿ ಕೆರೆಯೊಳಗೆ ಬಹಳ ದೂರ ಹೋಗಿ ಕೂರುತ್ತದೆ. ಇದನ್ನು ಮರೆತರೆ ದಡದ ದೂರ ತಪ್ಪುತ್ತದೆ.

ಪ್ರಶ್ನೆ: ಮಂಗಳನ ಕೆಸರಿನ ಬಿರುಕುಗಳನ್ನು ಶಾಲೆಯಲ್ಲಿ ಮಾಡಿ ತೋರಿಸಬಹುದೇ?
– ವಿಜ್ಞಾನ ಶಿಕ್ಷಕಿ, ವಿಜಯಪುರ

ಉತ್ತರ: ಖಂಡಿತ. ನಿಮ್ಮೂರಿನ ಎರೆಮಣ್ಣೇ ಇದಕ್ಕೆ ತಕ್ಕದ್ದು. ಅದು ಬಸಾಲ್ಟ್ ಶಿಥಿಲವಾಗಿ ಆದ ಮಣ್ಣು, ನೀರು ಕುಡಿದು ಉಬ್ಬುವ ಸ್ಮೆಕ್ಟೈಟ್ ಜೇಡಿ ಅದರಲ್ಲಿದೆ. ಗೇಲ್ ಕುಳಿಯ ಕೆಸರುಗಲ್ಲನ್ನು 2013ರಲ್ಲಿ ಕೊರೆದಾಗ ಸಿಕ್ಕಿದ್ದೂ ಸ್ಮೆಕ್ಟೈಟೇ.

ಒಣಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ, ದೋಸೆಹಿಟ್ಟಿನ ಹದಕ್ಕೆ ಕಲಸಿ. ಒಂದಡಿ ಉದ್ದಗಲದ ತಟ್ಟೆಗೆ ಒಂದು ಸೆಂಟಿಮೀಟರ್ ದಪ್ಪ ಸುರಿಯಲು ಸುಮಾರು ಒಂದು ಲೀಟರ್ ಕೆಸರು ಬೇಕು. ತಟ್ಟೆಯ ತಳಕ್ಕೆ ವಾಟರ್‌ಪ್ರೂಫ್ ಉಪ್ಪುಕಾಗದ ಅಂಟಿಸಿ. ತಳ ನುಣುಪಾಗಿದ್ದರೆ ಕೆಸರು ಅಂಚು ಬಿಟ್ಟು ಒಂದೇ ಹಲ್ಲೆಯಾಗಿ ಕುಗ್ಗುತ್ತದೆ, ಬಿರುಕು ಸರಿಯಾಗಿ ಬರುವುದಿಲ್ಲ. ಮರಳು ಹೆಚ್ಚಿದ್ದರೂ ಹಾಗೆಯೇ.

ಮೊದಲ ಸಲ ಒಣಗಿದಾಗ ಬಿರುಕುಗಳು ಒಂದನ್ನೊಂದು ನೇರ ಕೋನದಲ್ಲಿ, ಇಂಗ್ಲಿಷಿನ ಟಿ ಅಕ್ಷರದಂತೆ ಕೂಡುತ್ತವೆ. ಫೋಟೊ ತೆಗೆದಿಡಿ. ಆಮೇಲೆ ಸ್ಪ್ರೇ ಬಾಟಲಿಯಿಂದ ಬಿರುಕು ಮುಚ್ಚುವಷ್ಟು ಮಾತ್ರ ನೆನೆಸಿ, ಮತ್ತೆ ಒಣಗಿಸಿ. ಕಲಕಬೇಡಿ, ಕಲಕಿದರೆ ಹಳೆಯ ಬಿರುಕಿನ ಜಾಡು ಅಳಿದು ಮೊದಲಿನಿಂದ ಶುರುವಾಗುತ್ತದೆ. ಹತ್ತಾರು ಸರದಿಗಳಲ್ಲಿ ಕೂಡುಗಳು ನಿಧಾನವಾಗಿ 120 ಡಿಗ್ರಿಗೆ, ವೈ ಆಕಾರಕ್ಕೆ ತಿರುಗುತ್ತವೆ. ಒಂದೆರಡು ವಾರಕ್ಕೇ ಫಲ ಕಾಣಲಿಲ್ಲವೆಂದು ಬಿಡಬೇಡಿ. ಪ್ರತಿ ಸರದಿಯ ಫೋಟೊದಲ್ಲೂ ಮಕ್ಕಳಿಂದಲೇ ಕೋನ ಅಳೆಸಿ.

ಕ್ಯೂರಿಯಾಸಿಟಿ ಕಳಿಸಿದ, 2023ರಲ್ಲಿ ವರದಿಯಾದ ಷಟ್ಕೋನ ಬಿರುಕುಗಳ ಕೂಡುಗಳು ಈ ವೈ ಆಕಾರದವು. ಕೆರೆ ಒಮ್ಮೆ ಬತ್ತಿ ಮುಗಿದಿದ್ದರೆ ಟಿ ಆಕಾರವೇ ಉಳಿಯಬೇಕಿತ್ತು. ಅಲ್ಲಿ ನೆಲ ನೆನೆದು ಒಣಗಿ, ಮತ್ತೆ ಮತ್ತೆ ನೆನೆದಿದೆ.