ಟ್ರಿಪಲ್-ಎ ಹೋಮ್ ರನ್‌ಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ನನ್ನ ಮೆಚ್ಚಿನ ಬೇಸ್‌ಬಾಲ್ ತಂಡದ ಹುಡುಗನೊಬ್ಬ ಅಮೆರಿಕದ ಅತ್ಯುನ್ನತ ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಹಂತದಲ್ಲಿ ಸಿಕ್ಕಾಪಟ್ಟೆ ಹೋಮ್ ರನ್ (ಚೆಂಡು ಬೇಲಿ ದಾಟುವ ಹೊಡೆತ) ಹೊಡೆಯುತ್ತಿದ್ದಾನೆ. ಮೇಜರ್ ಲೀಗ್‌ಗೆ ಯಾಕೆ ಕರೆದಿಲ್ಲ?

ಉತ್ತರ: ಮೊದಲು ಮೈದಾನ ನೋಡಿ. ಟ್ರಿಪಲ್-ಎ ತಂಡಗಳಿರುವ ರೀನೊ, ಆಲ್ಬುಕರ್ಕಿಯಂಥ ಎತ್ತರದ ಊರುಗಳಲ್ಲಿ ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಆಮೇಲೆ ವಯಸ್ಸು. ಟ್ರಿಪಲ್-ಎಗಿಂತ ಒಂದು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದಲ್ಲಿ ಸಾಧಾರಣವಾಗಿ ಆಡುವ 20ರ ಹುಡುಗ, ಅಲ್ಲೇ ಮಿಂಚುವ 25ರವನಿಗಿಂತ ಹೆಚ್ಚು ಭರವಸೆಯವನು.

ಎಲ್ಲಕ್ಕಿಂತ ಮುಖ್ಯ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗುವುದು) ಪ್ರಮಾಣ. 100 ಬ್ಯಾಟಿಂಗ್ ಸರದಿಯಲ್ಲಿ 30ಕ್ಕಿಂತ ಹೆಚ್ಚು ಸಲ ಹಾಗೆ ಔಟಾಗುವವನ ದೌರ್ಬಲ್ಯವನ್ನು ಮೇಜರ್ ಲೀಗ್ ಪಿಚರ್‌ಗಳು (ಚೆಂಡು ಎಸೆಯುವವರು) ಬೇಗ ಪತ್ತೆಹಚ್ಚಿ, ಹೊರಕ್ಕೆ ಜಾರುವ ಸ್ಲೈಡರ್ ಎಂಬ ಎಸೆತಕ್ಕೆ ಬ್ಯಾಟ್ ಬೀಸುವಂತೆ ಮಾಡುತ್ತಾರೆ. ವಾಕ್ (ನಾಲ್ಕು ತಪ್ಪು ಎಸೆತ ಬಿಟ್ಟು ಮೊದಲ ಬೇಸ್ ಪಡೆಯುವುದು) ಸಂಖ್ಯೆಯನ್ನೂ ಜೊತೆಗಿಟ್ಟು ನೋಡಿ.

ಇನ್ನೊಂದು ಅಡ್ಡಿ, ತಂಡದ 40 ಮಂದಿಯ ಪಟ್ಟಿ; ಮೇಜರ್ ಲೀಗ್‌ನಲ್ಲಿ ಆಡಲು ಅದರಲ್ಲಿ ಹೆಸರಿರಬೇಕು. ಅದು ಭರ್ತಿಯಾಗಿದ್ದು ಅವನ ಹೆಸರು ಅದರಲ್ಲಿಲ್ಲದಿದ್ದರೆ, ಒಂದು ಜಾಗ ತೆರವಾಗುವವರೆಗೆ ಅವನನ್ನು ಕರೆಸುವಂತಿಲ್ಲ.