ಅರಿಶಿನದ ಮಾತ್ರೆಯಿಂದ ತಮ್ಮ ಎದ್ದು ನಡೀತಾನಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕು. ಎಂಟು ತಿಂಗಳ ಹಿಂದೆ ನನ್ನ ತಮ್ಮ ತೊಗರಿ ಚೀಲ ಹೇರಿದ ಟ್ರ್ಯಾಕ್ಟರ್ ಮೇಲಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅರಿಶಿನದಿಂದ ತೆಗೆದ ಕರ್ಕ್ಯುಮಿನ್ ಮಾತ್ರೆ ತಗೊಂಡ್ರೆ ನರ ಮತ್ತೆ ಬೆಳೆಯುತ್ತೆ ಅಂತ ಮಾವ ಮೊಬೈಲಲ್ಲಿ ನೋಡಿದ್ದಾರೆ. ತಿಂಗಳಿಗೆ ಮೂರು ಸಾವಿರ. ಕೊಡಿಸಬಹುದಾ? ರಕ್ತ ಹೆಪ್ಪುಗಟ್ಟದ ಮಾತ್ರೆಯೂ ನಡೀತಿದೆ.

ಉತ್ತರ: ಬೇಡಮ್ಮಾ, ಕೊಡಿಸಬೇಡಿ. ಹಾಗಂತ ಮಾವ ನೋಡಿದ್ದು ಪೂರ್ತಿ ಸುಳ್ಳೇನಲ್ಲ. ಇಲಿಗಳಲ್ಲಿ ಇದು ಕೆಲಸ ಮಾಡಿದೆ.

ಬೆನ್ನುಹುರಿಗೆ ಪೆಟ್ಟು ಬೀಳೋದು ಎರಡು ಸಲ. ಒಂದು, ಬಿದ್ದ ಕ್ಷಣದ್ದು. ಇನ್ನೊಂದು ಆಮೇಲೆ ದಿನಗಟ್ಟಲೆ ಒಳಗೊಳಗೇ ನಡೆಯೋದು. ಊತ ಬರುತ್ತೆ, ರಕ್ತ ಸರಿಯಾಗಿ ಓಡಲ್ಲ, ಮೊದಲು ಉಳಿದುಕೊಂಡಿದ್ದ ನರಕೋಶಗಳೂ ಸಾಯುತ್ತವೆ. ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಈರುಳ್ಳಿಯ ಕ್ವೆರ್ಸೆಟಿನ್ ಇಲಿಗಳಲ್ಲಿ ತಗ್ಗಿಸಿದ್ದು ಈ ಎರಡನೇ ಪೆಟ್ಟನ್ನು. ಅದೂ ಹೆಚ್ಚಾಗಿ ಗಾಯವಾದ ಸ್ವಲ್ಪ ಹೊತ್ತಿಗೇ ಔಷಧಿ ಕೊಟ್ಟಾಗ. ನಿಮ್ಮ ತಮ್ಮನಿಗೆ ಎಂಟು ತಿಂಗಳಾಗಿದೆ, ಆ ಹೊತ್ತು ದಾಟಿಹೋಗಿದೆ. ತುಂಡಾದ ನರವನ್ನು ಮನುಷ್ಯರಲ್ಲಿ ಬೆಳೆಸಿ ತೋರಿಸಿದ ಗಿಡಮೂಲಿಕೆ ಮಾತ್ರೆ ಇನ್ನೂ ಬಂದಿಲ್ಲ.

ಇನ್ನೊಂದು ತೊಡಕಿದೆ. ಕರ್ಕ್ಯುಮಿನ್ ನುಂಗಿದರೂ ರಕ್ತಕ್ಕೆ ಸೇರೋದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ಸುಮಾರು 20 ಪಟ್ಟು ಜಾಸ್ತಿ ಸೇರಿತು! ಅದಕ್ಕೇ ಇಂಥ ಎಷ್ಟೋ ಮಾತ್ರೆಗಳಲ್ಲಿ ಮೆಣಸಿನ ಸತ್ವ ಇರುತ್ತೆ. ಆದರೆ ಪೈಪರಿನ್ ಬೇರೆ ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತೆ. ತಮ್ಮನ ಮಾತ್ರೆ ಜೊತೆ ಸೇರಿದರೆ ರಕ್ತಸ್ರಾವದ ಭಯ. ಇಂಥ ಮಾತ್ರೆಯಿಂದ ಲಿವರ್ ಕೆಡಿಸಿಕೊಂಡವರೂ ಇದ್ದಾರೆ. ಸಾರಿಗೆ ಹಾಕೋ ಅರಿಶಿನಕ್ಕೆ, ಹಾಲಿಗೆ ಹಾಕೋ ಚಿಟಿಕೆಗೆ ಏನೂ ಅಡ್ಡಿಯಿಲ್ಲ.

ಆ ದುಡ್ಡಲ್ಲಿ ಮೊದಲು ಒಂದು ಏರ್‌ಬೆಡ್ ತನ್ನಿ. ಅದಿದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ದಿನಾ ಮೊಬೈಲ್ ಟಾರ್ಚ್ ಹಿಡಿದು ಬಾಲಮೂಳೆ, ಹಿಮ್ಮಡಿ ನೋಡಿ. ಕೆಂಪಾದ ಜಾಗ ಒತ್ತಿದಾಗ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣು ಶುರು ಅಂತಲೇ ಲೆಕ್ಕ. ಫಿಸಿಯೋಥೆರಪಿ ಬಿಡಬೇಡಿ.

ಹಾಂ, ಗಾಳಿಗೆ ಅಂತ ಕಟ್ಟೆ ಮೇಲೆ ಕೂರಿಸ್ತೀರಾ? ಏಪ್ರಿಲ್ ಮಧ್ಯಾಹ್ನ ನಮ್ಮ ಶಹಾಬಾದ್ ಕಲ್ಲು ಹೆಂಚಿನ ಹಾಗೆ ಕಾದಿರುತ್ತೆ. ಚರ್ಮ ಸುಟ್ಟರೂ ಅವನಿಗೆ ಗೊತ್ತಾಗಲ್ಲ. ಕೂರಿಸುವ ಮುಂಚೆ ನಿಮ್ಮ ಅಂಗೈ ಇಟ್ಟು ನೋಡಿ.